ಹವಳದಲ್ಲಿ ಮನೆ ಹೂಡುವ ಸನ್ಯಾಸಿ ಏಡಿ

ಕೆಎಎಸ್‌, ಎಫ್‌ಡಿಎ ಪರೀಕ್ಷೆಗೆ ಓದುತ್ತಿರುವವರು ಮೊದಲು ಗಮನಿಸಬೇಕಾದ್ದು: ಸನ್ಯಾಸಿ ಏಡಿ ನಿಜವಾದ ಏಡಿಯಲ್ಲ. ದಶಪಾದಿಗಳಲ್ಲಿ ಇದು ಅನೊಮ್ಯುರ ಗುಂಪಿನದು. ನಿಜ ಏಡಿಗಳು ಬ್ರಾಕಿಯೂರದವು.

ಸನ್ಯಾಸಿ ಏಡಿಯ ಹೊಟ್ಟೆ ಮೆತ್ತಗೆ, ತಿರುಚಿಕೊಂಡಿರುತ್ತದೆ. ಅದಕ್ಕೇ ಸತ್ತ ಕಡಲ ಬಸವನಹುಳುವಿನ ಖಾಲಿ ಚಿಪ್ಪಿನೊಳಗೆ ಸೇರಿಕೊಳ್ಳುತ್ತದೆ. ಮೈ ಬೆಳೆದಂತೆ ದೊಡ್ಡ ಚಿಪ್ಪು ಹುಡುಕುತ್ತದೆ.

ಉಷ್ಣವಲಯದ ಹವಳದಿಬ್ಬಗಳಲ್ಲಿರುವ ಪಗುರಿಟ್ಟಾ ಕುಲದವು ಇನ್ನೂ ವಿಚಿತ್ರ. ಬಣ್ಣಬಣ್ಣದ ಈ ಪುಟಾಣಿಗಳು ಜೀವಂತ ಹವಳದಲ್ಲಿ ಹುಳುಗಳು ಬಿಟ್ಟ ಕೊಳವೆಯೊಳಗೆ ನೆಲೆಸಿ, ಗರಿಯಂಥ ಮೀಸೆಗಳಿಂದ ತೇಲಿಬರುವ ಪ್ಲಾಂಕ್ಟನ್‌ ಸೋಸಿ ತಿನ್ನುತ್ತವೆ. ಆಹಾರಕ್ಕಾಗಿ ಅಲೆಯುವ ಗೋಜೇ ಇಲ್ಲ!

ಪರೀಕ್ಷೆಯಲ್ಲಿ ಕರ್ನಾಟಕದ ಹವಳತಾಣ ಯಾವುದೆಂದು ಕೇಳಿದರೆ, ಉತ್ತರ ಕನ್ನಡ ಜಿಲ್ಲೆಯ ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪ ಎಂದು ಬರೆಯಿರಿ. ದಿಬ್ಬ ಕಟ್ಟುವ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆಯಿದೆ.