ಬಳೆ ಜಾರಿದ ಹೊತ್ತು

ಪ್ರಶ್ನೆ: ಮೊನ್ನೆ ಮಗಳು ಟಿವಿಯಲ್ಲಿ ‘ಪಥೇರ್ ಪಾಂಚಾಲಿ’ ಹಾಕಿಕೊಟ್ಟಳು. ಬಂಗಾಳಿ ಒಂದಕ್ಷರ ಬಾರದ ನಾನು ಕೊನೆಕೊನೆಗೆ ಬಿಕ್ಕಿ ಬಿಕ್ಕಿ ಅತ್ತೆ. ನಮ್ಮ ಯಜಮಾನರು ‘ಅದು ಆ್ಯಕ್ಟಿಂಗ್ ಕಣೇ’ ಅಂತ ನಕ್ಕರು. ಹೋದ ವರ್ಷ ನಮ್ಮತ್ತೆ ತೀರಿಕೊಂಡಾಗ ನನಗೆ ಒಂದು ಹನಿ ಕಣ್ಣೀರೂ ಬಂದಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಇದ್ದವರು ನಾವು. ಯಾರದೋ ಸುಳ್ಳು ಸಾವಿಗೆ ಬಂದ ಅಳು ಮನೆಯವರ ಸಾವಿಗೆ ಯಾಕೆ ಬರಲಿಲ್ಲ? ಈ ನಟರು ಅಂಥದ್ದೇನು ಮಾಡುತ್ತಾರೆ? ಅವರಿಗೂ ಆ ದುಃಖ ಆಗಿರುತ್ತದಾ?
— ಒಬ್ಬ ಓದುಗರು, ಶಿರಸಿ

ಉತ್ತರ: ನಿಮ್ಮ ಯಜಮಾನರು ಹೇಳಿದ್ದು ಸುಳ್ಳಲ್ಲ. ಅದು ಆ್ಯಕ್ಟಿಂಗೇ. ತೆರೆಯ ಮೇಲೆ ಮಳೆಯಲ್ಲಿ ನೆನೆದು ಜ್ವರ ಬಂದು ಸತ್ತ ದುರ್ಗಾ, ಅಂದರೆ ಉಮಾ ದಾಸ್‌ಗುಪ್ತಾ, ಮುಂದೆ ಶಾಲೆಯಲ್ಲಿ ಟೀಚರ್ ಆಗಿ, ಸಿನಿಮಾದ ಕಡೆ ಹೆಚ್ಚು ತಲೆ ಹಾಕದೆ ಬಾಳಿದರು. ಚಿತ್ರ ಬಂದದ್ದು 1955ರಲ್ಲಿ; ಆಕೆ ತೀರಿಕೊಂಡದ್ದು 2024ರ ನವೆಂಬರಿನಲ್ಲಿ. ನಡುವಿನ ಅಷ್ಟೂ ವರ್ಷ ಆಕೆ ಉಂಡು, ಮಲಗಿ, ಮಕ್ಕಳಿಗೆ ಪಾಠ ಹೇಳಿಕೊಂಡಿದ್ದರೆ, ಯಾವ್ಯಾವುದೋ ಊರಿನ ಕತ್ತಲೆ ಹಾಲ್‌ಗಳಲ್ಲಿ ಜನ ಅವಳು ಸತ್ತಳೆಂದು ಅಳುತ್ತಿದ್ದರು. ಇದೆಲ್ಲ ಗೊತ್ತಿದ್ದ ನನಗೂ ಆ ಚಿತ್ರ ನೋಡುವಾಗ ಗಂಟಲು ಕಟ್ಟುತ್ತದೆ.

ಯಾವ ಜಾಗದಲ್ಲಿ ಅತ್ತಿರಿ ಅಂತ ನೀವು ಬರೆದಿಲ್ಲ. ನಾನೇ ಊಹಿಸುತ್ತೇನೆ: ಹುಡುಗಿ ಸಾಯುವ ಆ ಬಿರುಗಾಳಿಯ ರಾತ್ರಿ ನೀವು ಉಸಿರು ಬಿಗಿಹಿಡಿದು ಕೂತಿದ್ದಿರಿ, ಅತ್ತಿರಲಿಲ್ಲ. ಅಳು ಬಂದದ್ದು ಅಪ್ಪ ಮನೆಗೆ ಬಂದ ದಿನ.

ಆ ದೃಶ್ಯವನ್ನು ನಿಧಾನವಾಗಿ ನೆನಪು ಮಾಡಿಕೊಳ್ಳಿ. ಹರಿಹರ ತಿಂಗಳುಗಟ್ಟಲೆ ಊರು ಬಿಟ್ಟು ದುಡಿಯಲು ಹೋದವನು. ಮಗಳು ಹೋದ ಸುದ್ದಿ ಅವನಿಗೆ ಗೊತ್ತಿಲ್ಲ. ಗಾಳಿಗೆ ಮುರಿದುಬಿದ್ದ ಮನೆ ನೋಡುತ್ತಾ ಮಕ್ಕಳ ಹೆಸರು ಹಿಡಿದು ಕೂಗುತ್ತಾನೆ. ಒಳಗೆ ಮಕ್ಕಳ ತಾಯಿ ಸರ್ಬಜಯಾ ಕೆನ್ನೆಗೆ ಕೈಯೊತ್ತಿಕೊಂಡು ಕೂತಿದ್ದಾಳೆ, ಕಲ್ಲಿನ ಹಾಗೆ. ಗಂಡನ ದನಿ ಕಿವಿಗೆ ಬಿತ್ತೋ ಇಲ್ಲವೋ ಎಂದು ನಾವು ಅನುಮಾನಿಸುವಷ್ಟರಲ್ಲಿ ಅವಳ ಕೈಯ ಬಳೆ ಒಂದಿಷ್ಟು ಕೆಳಕ್ಕೆ ಜಾರುತ್ತದೆ. ಮುಖದಲ್ಲಿ ಏನೂ ಇಲ್ಲ. ಬಳೆ ಮಾತ್ರ ಜಾರಿತು. ಅಷ್ಟರಿಂದಲೇ ಗೊತ್ತಾಗುತ್ತದೆ, ಕೇಳಿಸಿತು ಅಂತ.

ಆಮೇಲೆ ಅವಳು ಎದ್ದು ಬಂದು ಎಲ್ಲ ಹೆಂಗಸರೂ ಮಾಡುವುದನ್ನೇ ಮಾಡುತ್ತಾಳೆ. ದಾರಿ ನಡೆದು ಬಂದವನಿಗೆ ನೀರು ತಂದಿಡುತ್ತಾಳೆ, ಕೂರಲು ಮಣೆ ಕೊಡುತ್ತಾಳೆ. ಮಾತಿಲ್ಲ. ಅವನೋ ಗೆಲುವಾಗಿದ್ದಾನೆ, ಕೈಯಲ್ಲಿ ನಾಲ್ಕು ಕಾಸಿದೆ, ಚೀಲದಿಂದ ಒಂದೊಂದೇ ಸಾಮಾನು ತೆಗೆಯುತ್ತಿದ್ದಾನೆ. ಲಟ್ಟಣಿಗೆ ಮಣೆ, ಲಕ್ಷ್ಮಿಯ ಪಟ. ನೋಡು, ಹೇಗಿದೆ ಎಂದು ತೋರಿಸುತ್ತಾನೆ. ಕಡೆಗೆ ದುರ್ಗಾಳಿಗೆಂದು ತಂದ ಸೀರೆ. ಅದು ಕೈಗೆ ಬಂದ ಮೇಲೆ ಅವಳಿಂದ ತಡೆಯಲಾಗುವುದಿಲ್ಲ. ಸೀರೆಯನ್ನು ಮುಖಕ್ಕೆ ಒತ್ತಿಕೊಂಡು ಕುಸಿಯುತ್ತಾಳೆ. ಬಾಯಿ ತೆರೆಯುತ್ತದೆ, ಅಳು ಮಾತ್ರ ಕೇಳಿಸುವುದಿಲ್ಲ. ಅದರ ಜಾಗದಲ್ಲಿ ತಾರ್ ಶೆಹನಾಯಿ ತಾರಸ್ಥಾಯಿಯಲ್ಲಿ ಚೀರುತ್ತದೆ. ಚಿತ್ರದ ಸಂಗೀತ ರವಿಶಂಕರ್ ಅವರದು. ನಿರ್ದೇಶಕ ಸತ್ಯಜಿತ್ ರಾಯ್ ಈ ಒಂದು ಕಡೆ ನಟಿಯ ದನಿಯನ್ನೇ ತೆಗೆದುಹಾಕಿ ವಾದ್ಯ ಇಟ್ಟರು.

ಇಲ್ಲಿ ನನ್ನದೊಂದು ಕತೆ ಹೇಳಬೇಕು. ನಾನು ಈ ಚಿತ್ರವನ್ನು ಮೊದಲು ನೋಡಿದ್ದು ಒಂದು ಫಿಲ್ಮ್ ಸೊಸೈಟಿಯಲ್ಲಿ, ಕಾಲೇಜಿನ ಹಾಲ್‌ನಲ್ಲಿ, 16 ಎಂ.ಎಂ. ಪ್ರೊಜೆಕ್ಟರಿನ ಕಟಕಟ ಸದ್ದಿನ ಪಕ್ಕದಲ್ಲಿ. ಕೊನೆಯ ರೀಲಿಗೆ ಸೌಂಡ್ ಕೈಕೊಟ್ಟಿತ್ತು. ನಡುವೆ ಬರುತ್ತಿತ್ತು, ಹೋಗುತ್ತಿತ್ತು. ಈ ದೃಶ್ಯ ಬಂದಾಗ ಪೂರ್ತಿ ಮೌನ. ಯಾರೂ ‘ಸೌಂಡ್, ಸೌಂಡ್’ ಎಂದು ಕೂಗಲಿಲ್ಲ. ಚಿತ್ರವೇ ಹಾಗಿದೆ ಅಂದುಕೊಂಡೆವು. ಅಲ್ಲೊಂದು ವಾದ್ಯ ನುಡಿಯುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ, ಎರಡನೇ ಸಲ ನೋಡಿದಾಗ. ನಿಜ ಹೇಳಲೇ? ಸದ್ದಿಲ್ಲದೆ ನೋಡಿದ್ದೇ ನನಗೆ ಹೆಚ್ಚು ನಾಟಿತ್ತು. ರಾಯ್ ಅವರ ಮುಂದೆ ಈ ಮಾತು ಆಡುವ ಧೈರ್ಯ ನನಗೆ ಬರುತ್ತಿರಲಿಲ್ಲ ಬಿಡಿ.

ಈಗ ನಿಮ್ಮ ಅತ್ತೆಯವರ ವಿಷಯಕ್ಕೆ ಬರುತ್ತೇನೆ. ಅವರು ಹೋದ ದಿನ ನೀವು ಏನು ಮಾಡುತ್ತಿದ್ದಿರಿ? ನೀವು ಬರೆದಿಲ್ಲ, ಆದರೆ ಸಾವಿನ ಮನೆಯ ಸೊಸೆ ಏನು ಮಾಡುತ್ತಾಳೆಂದು ನಾನೂ ನೋಡಿದ್ದೇನೆ. ಊರೂರಿಗೆ ಫೋನ್ ಮಾಡುವುದು, ಚಾಪೆ ಹಾಸುವುದು, ಬಂದವರಿಗೆ ನೀರು ಕೊಡುವುದು, ಪುರೋಹಿತರು ಕೇಳಿದ ಎಳ್ಳು ದರ್ಭೆ ಹುಡುಕುವುದು, ಮಾವನವರು ಮಾತ್ರೆ ತೆಗೆದುಕೊಂಡರಾ ಎಂದು ನೋಡುವುದು, ಯಾರದೋ ಮಗುವಿಗೆ ಹಾಲು ಕಾಯಿಸುವುದು. ಹದಿಮೂರು ದಿನ ಹೀಗೇ ಕಳೆಯುತ್ತದೆ. ಅಂದರೆ ಆ ದಿನ ಸರ್ಬಜಯಾ ನೀವೇ ಆಗಿದ್ದಿರಿ. ನೀರು ತಂದಿಡುವ ಕೆಲಸ ನಿಮ್ಮದಾಗಿತ್ತು. ಅಳುವವರು ಬೇರೆ ಯಾರೋ, ಗಾಡಿಯಿಂದ ಇಳಿಯುತ್ತಲೇ ಗೋಳೋ ಅನ್ನುತ್ತಾ ಬಂದ ನೆಂಟರು. ಮೊನ್ನೆ ಟಿವಿಯ ಮುಂದೆ ನಿಮಗೆ ಯಾವ ಕೆಲಸವೂ ಇರಲಿಲ್ಲ. ಬೇರೊಬ್ಬಳು ನೀರು ತರುತ್ತಿದ್ದಳು, ನೀವು ಸುಮ್ಮನೆ ಕೂತು ನೋಡುತ್ತಿದ್ದಿರಿ. ಆ ಅಳು ದುರ್ಗಾಳಿಗೆ ಎಷ್ಟು, ನಿಮ್ಮತ್ತೆಗೆ ಎಷ್ಟು ಎಂದು ಅಳೆಯಲು ನನ್ನ ಹತ್ತಿರ ಸೇರು ಪಾವು ಇಲ್ಲ. ಅತ್ತೆಗೆ ಏನೂ ಇರಲಿಲ್ಲ ಅಂತ ಮಾತ್ರ ಯಾರು ಹೇಳಿದರೂ ನಂಬಬೇಡಿ.

ನಟರು ಏನು ಮಾಡುತ್ತಾರೆ ಎಂಬ ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ದೊಡ್ಡ ನಟರು ಪಾತ್ರದ ಅಳುವನ್ನು ತಾವೇ ಅತ್ತು ಖರ್ಚು ಮಾಡಿಬಿಡುವುದಿಲ್ಲ, ಉಳಿಸಿಡುತ್ತಾರೆ. ಅದು ನಮ್ಮ ಕಡೆಗೆ ಬರುತ್ತದೆ. ಪಾತ್ರ ಅಳುವನ್ನು ತಡೆಯಲು ಎಷ್ಟು ಹೆಣಗುತ್ತದೋ ಅಷ್ಟು ನಮ್ಮ ಎದೆ ಭಾರವಾಗುತ್ತದೆ. ಕಂಪನಿ ನಾಟಕಗಳಲ್ಲಿ ಕಡೆಯ ಬೆಂಚಿನವನಿಗೂ ತಲುಪಬೇಕಲ್ಲ, ಎದೆ ಬಡಿದುಕೊಂಡು ಅಳಲೇಬೇಕಿತ್ತು. ಅದಕ್ಕೆ ‘ಒನ್ಸ್ ಮೋರ್’ ಕೂಡ ಬೀಳುತ್ತಿತ್ತು. ಅದನ್ನು ನಾನು ಹೀಗಳೆಯುವುದಿಲ್ಲ, ಅದು ಬೇರೆ ವಿದ್ಯೆ. ಕ್ಯಾಮೆರಾ ಮಾತ್ರ ಬಳೆಯಷ್ಟು ಹತ್ತಿರ ಹೋಗುತ್ತದೆ. ಅಷ್ಟು ಹತ್ತಿರದಲ್ಲಿ ಎದೆ ಬಡಿದುಕೊಂಡರೆ ನಾವು ಹಿಂದೆ ಸರಿಯುತ್ತೇವೆ.

ಅವರಿಗೂ ದುಃಖ ಆಗಿರುತ್ತದಾ? ಕೆಲವರಿಗೆ ಆಗುತ್ತದೆ, ಕೆಲವರಿಗೆ ಇಲ್ಲ, ಮತ್ತು ತೆರೆಯ ಮೇಲೆ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಇದೇ ಚಿತ್ರದ ಅಪು, ಆರೇಳು ವರ್ಷದ ಹುಡುಗ, ಜೊಂಡಿನ ಬಯಲಲ್ಲಿ ಅಕ್ಕನನ್ನು ಹುಡುಕುತ್ತಾ ನಡೆಯುವ ದೃಶ್ಯ ನೋಡಿದಿರಲ್ಲ. ಹುಡುಗ ನೆಟ್ಟಗೆ ಕೋಲಿನ ಹಾಗೆ ನಡೆಯುತ್ತಿದ್ದನಂತೆ. ರಾಯ್ ಅವನ ದಾರಿಯಲ್ಲಿ ಅಲ್ಲಲ್ಲಿ ಕಡ್ಡಿಗಳನ್ನು ಇಟ್ಟು ದಾಟಿಕೊಂಡು ಬಾ ಎಂದರು; ಜೊಂಡಿನ ಮರೆಯಲ್ಲಿ ಒಬ್ಬೊಬ್ಬರನ್ನು ನಿಲ್ಲಿಸಿ, ಹೊತ್ತುಹೊತ್ತಿಗೆ ಅವನ ಹೆಸರು ಕೂಗಿಸಿದರು. ಕೂಗಿದ ಕಡೆ ತಿರುಗಿದ, ಕಡ್ಡಿ ದಾಟಿದ. ನಮಗೆ ಕಂಡದ್ದು ಅಕ್ಕನಿಗಾಗಿ ತಡವರಿಸುವ ತಮ್ಮ. ಮುದುಕಿ ಇಂದಿರ್ ಠಾಕ್ರುಣ್ ಪಾತ್ರ ಮಾಡಿದ ಚುನೀಬಾಲಾ ದೇವಿ ಹಳೆಯ ಕಾಲದ ರಂಗನಟಿ, ಆಗ ಎಂಬತ್ತರ ಹತ್ತಿರ. ಅವರನ್ನು ಚಟ್ಟದ ಮೇಲೆ ಮಲಗಿಸಿ ಶಾಟ್ ತೆಗೆದರು. ಮುಗಿದ ಮೇಲೂ ಏಳಲಿಲ್ಲ. ಎಲ್ಲರ ಜೀವ ಬಾಯಿಗೆ ಬಂತು. ಆಮೇಲೆ ಕಣ್ಣುಬಿಟ್ಟು, ಶಾಟ್ ಮುಗಿಯಿತೆಂದು ಯಾರೂ ಹೇಳಲೇ ಇಲ್ಲವಲ್ಲ, ನಾನಿನ್ನೂ ಸತ್ತೇ ಮಲಗಿದ್ದೇನೆ ಎಂದರಂತೆ. ಚಿತ್ರ ಬಿಡುಗಡೆಯಾಗುವ ಮುಂಚೆ ಅವರು ನಿಜವಾಗಿ ತೀರಿಕೊಂಡರು. ಇನ್ನು ಸರ್ಬಜಯಾ ಆದ ಕರುಣಾ ಬ್ಯಾನರ್ಜಿ ಇಪ್ಟಾ ಎಂಬ ರಂಗಸಂಘಟನೆಯ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದವರು, ರಾಯ್ ಅವರ ಗೆಳೆಯರೊಬ್ಬರ ಹೆಂಡತಿ. ಕ್ಯಾಮೆರಾ ಎದುರಿಸಿದ್ದು ಅದೇ ಮೊದಲು.

ಇಲ್ಲಿ ಒಬ್ಬ ತಂಟೆಕೋರ ಅಡ್ಡ ಬರುತ್ತಾನೆ. ಹೆಸರು ಲೆವ್ ಕುಲೆಶೋವ್, ರಷ್ಯದವನು. ಸುಮಾರು ನೂರು ವರ್ಷದ ಹಿಂದೆ ಒಬ್ಬ ನಟನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ತಟ್ಟೆಯ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ, ಒಮ್ಮೆ ಒಬ್ಬ ಹೆಂಗಸಿನ ಪಕ್ಕ ಜೋಡಿಸಿ ತೋರಿಸಿದ. ನೋಡಿದವರು, ಆಹಾ ಏನು ಹಸಿವು, ಏನು ದುಃಖ, ಏನು ಆಸೆ ಎಂದು ನಟನನ್ನು ಕೊಂಡಾಡಿದರೆಂಬ ಕತೆ. ಹಾಗಾದರೆ ನಟನೆ ಎಡಿಟರನ ಕತ್ತರಿಯಲ್ಲಿದೆ ಎಂದು ವಾದಿಸುವವರಿದ್ದಾರೆ. ಅರ್ಧ ಒಪ್ಪುತ್ತೇನೆ. ಸರ್ಬಜಯಾಳ ಮುಖದಲ್ಲಿ ಏನೂ ಇಲ್ಲ ಎಂದೆನಲ್ಲ, ಅದರಲ್ಲಿ ಅಷ್ಟೊಂದು ಓದಿಕೊಳ್ಳುವವರು ನಾವೇ. ಹಾಗೆಂದು ಖಾಲಿ ಕೊಡವೂ ಮುಚ್ಚಳ ಬಿಗಿದ ಕೊಡವೂ ಒಂದೇ ಏನು? ಹೊರಗಿಂದ ನೋಡಲು ಎರಡೂ ಒಂದೇ. ಎತ್ತಿದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮದೇ ಒಂದು ಚಿತ್ರ ನಿಮಗೆ ಸಿಕ್ಕರೆ ನೋಡಿ, ‘ಚೋಮನ ದುಡಿ’. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ, 1975. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅವರಿಗೆ ಆ ವರ್ಷದ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು. ಒಂದು ತುಂಡು ನೆಲ ಉಳಬೇಕೆಂಬ ಆಸೆ ಹೊತ್ತ, ಜಾತಿಯ ಕಾರಣಕ್ಕೆ ಅದು ದಕ್ಕದ ಮನುಷ್ಯ ಚೋಮ. ಸಾಲ, ಕಾಯಿಲೆ, ಹೊಳೆ ಎಂದು ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ. ಅವನಿಗೆ ದುಃಖ ಹೇಳಿಕೊಳ್ಳಲು ಬರುವುದಿಲ್ಲ. ದುಡಿ ಬಾರಿಸುತ್ತಾನೆ, ಅಷ್ಟೆ. ಸರ್ಬಜಯಾಳ ಅಳು ತಾರ್ ಶೆಹನಾಯಿಗೆ ಹೋದ ಹಾಗೆ ಚೋಮನದು ದುಡಿಗೆ ಹೋಗುತ್ತದೆ. ಅಲ್ಲಿ ವಾದ್ಯ ಹೊರಗಿನಿಂದ ಬಂತು, ಇಲ್ಲಿ ನಟನ ಕೈಯಲ್ಲೇ ಇದೆ. ಅವರ ಮುಖಕ್ಕಿಂತ ಹೆಗಲು ಮತ್ತು ಮಣಿಕಟ್ಟನ್ನು ಗಮನಿಸಿ. ಕೊನೆಗೆ ಎತ್ತುಗಳನ್ನು ಕಾಡಿಗೆ ಅಟ್ಟಿ, ಗುಡಿಸಲಿನ ಬಾಗಿಲು ಹಾಕಿಕೊಂಡು ಬಾರಿಸಲು ಕೂತವನನ್ನು ನೋಡುವಾಗ, ಆ ಸದ್ದು ಯಾವಾಗ ನಿಲ್ಲುವುದೋ ಎಂಬ ಹೆದರಿಕೆಯೇ ನಮ್ಮ ಅಳುವಾಗುತ್ತದೆ. ನೀವು ಶಿರಸಿಯವರು, ಯಕ್ಷಗಾನ ನೋಡಿ ಬೆಳೆದಿರುತ್ತೀರಿ. ವೇಷ ಸುಮ್ಮನೆ ನಿಂತಿರುವಾಗ ಕರುಣರಸವೆಲ್ಲ ಭಾಗವತರ ಕೊರಳಿಂದ, ಮದ್ದಳೆಯಿಂದ ಬರುವುದು ನಿಮಗೆ ಹೊಸದೇನಲ್ಲ.

ಇಷ್ಟು ಬರೆದ ಮೇಲೆ ನನ್ನ ಮಾತಿಗೆ ನಾನೇ ಒಂದು ತೊಡಕು ಹಾಕಬೇಕು. 1928ರ ಒಂದು ಮೂಕಿಚಿತ್ರವಿದೆ, ಕಾರ್ಲ್ ಡ್ರೆಯರ್ ತೆಗೆದ ‘ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್’. ಅದರ ನಟಿ ಫಾಲ್ಕೊನೆಟ್ಟಿ ಮೇಕಪ್ ಇಲ್ಲದ ಮುಖದಲ್ಲಿ, ಕ್ಲೋಸಪ್ ಮೇಲೆ ಕ್ಲೋಸಪ್‌ನಲ್ಲಿ ಧಾರಾಕಾರವಾಗಿ ಅಳುತ್ತಾರೆ. ಏನನ್ನೂ ಬಚ್ಚಿಡುವುದಿಲ್ಲ. ನೋಡುವವರೂ ಅಳುತ್ತಾರೆ. 1962ರಲ್ಲಿ ನಿರ್ದೇಶಕ ಗೊದಾರ್ ತನ್ನ ಚಿತ್ರವೊಂದರಲ್ಲಿ ನಾಯಕಿಯನ್ನು ಪ್ಯಾರಿಸಿನ ಥಿಯೇಟರಿನಲ್ಲಿ ಕೂರಿಸಿ ಇದೇ ಚಿತ್ರ ತೋರಿಸಿದ. ತೆರೆಯ ಮೇಲೆ ಜೋನಳ ಕೆನ್ನೆ, ಕೆಳಗೆ ನಾಯಕಿಯಾದ ಆನಾ ಕರೀನಾಳ ಕೆನ್ನೆ, ಎರಡೂ ಒದ್ದೆ. ಹಾಗಾದರೆ ಅಳು ಉಳಿಸಬೇಕೆಂಬ ನನ್ನ ಲೆಕ್ಕ ಎಲ್ಲಿ ಹೋಯಿತು?

ಬಹಳ ದಿನ ಇದು ನನ್ನನ್ನು ಕಾಡಿತ್ತು. ಒಮ್ಮೆ ನಾಟ್ಯಶಾಸ್ತ್ರದ ಸಾತ್ವಿಕ ಭಾವಗಳ ಪಟ್ಟಿ ನೋಡುತ್ತಿದ್ದಾಗ ಸ್ವಲ್ಪ ಬಗೆಹರಿಯಿತು. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಳಯ, ಹೀಗೆ ಎಂಟು. ಭರತ ಕಣ್ಣೀರನ್ನು ಇಟ್ಟದ್ದು ಬೆವರು, ನವಿರು, ನಡುಕದ ಸಾಲಿನಲ್ಲಿ. ಇವು ಯಾವುವೂ ನಮ್ಮ ಅಪ್ಪಣೆ ಕೇಳಿ ಬರುವುದಿಲ್ಲ. ಫಾಲ್ಕೊನೆಟ್ಟಿಯ ಕಣ್ಣೀರು ಹಾಗೆ ಬೆವರಿದಂತೆ ಇಳಿಯುತ್ತದೆ. ಅವಳು ಒರೆಸಿಕೊಳ್ಳಲು ಹೋಗುವುದಿಲ್ಲ, ಅವಳ ಗಮನ ನ್ಯಾಯಾಧೀಶರ ಪ್ರಶ್ನೆಗಳ ಮೇಲಿದೆ, ಉತ್ತರ ಕೊಡುವುದರಲ್ಲಿದೆ. ಅವಳಿಗೂ ಕೈತುಂಬ ಕೆಲಸ. ಸರ್ಬಜಯಾ ಕೂತಿದ್ದು ಸ್ತಂಭದಲ್ಲಿ, ಪಟ್ಟಿಯ ಮೊದಲ ಹೆಸರು. ನಮಗೆ ಕಿರಿಕಿರಿಯಾಗುವುದು ‘ನೋಡಿ, ನಾನು ಅಳುತ್ತಿದ್ದೇನೆ’ ಎಂದು ನಮ್ಮ ಕಡೆ ತಿರುಗಿ ಅಳುವವರನ್ನು ಕಂಡಾಗ. ಧಾರಾವಾಹಿಗಳಲ್ಲಿ ಒಂದೇ ಅಳುವನ್ನು ಮೂರು ದಿಕ್ಕಿನಿಂದ ಮೂರು ಸಲ ತೋರಿಸುತ್ತಾರಲ್ಲ, ಅಂಥದ್ದು. ಅದಕ್ಕೆ ನಿಮ್ಮ ಯಜಮಾನರು ನಕ್ಕಿದ್ದರೆ ನಾನೂ ಜೊತೆಗೂಡುತ್ತಿದ್ದೆ.

ಅವರನ್ನು ಇನ್ನೊಮ್ಮೆ ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರ ಹಾಕಿ. ಲೈಟ್ ಆರಿಸಿ, ಮೊಬೈಲ್ ಒಳಗಿಡಲಿ. ಅಪ್ಪ ಮನೆಗೆ ಬರುವ ದೃಶ್ಯ ಬಂದಾಗ ಬೇಕಿದ್ದರೆ ಒಮ್ಮೆ ಸೌಂಡ್ ನಿಲ್ಲಿಸಿ ನೋಡಿ, ನನ್ನ ಹಳೆಯ ಪ್ರೊಜೆಕ್ಟರಿನ ಗೌರವಕ್ಕೆ. ಸತ್ತದ್ದು ಅವರ ಅಮ್ಮ ಅಲ್ಲವೇ. ಹೆಗಲು ಕೊಟ್ಟವರು, ಹದಿಮೂರು ದಿನ ಲೆಕ್ಕಪತ್ರ ನೋಡಿಕೊಂಡವರು ಅವರು. ಚೀಲದಿಂದ ಸೀರೆ ಹೊರಗೆ ಬರುವ ಹೊತ್ತಿಗೆ ಅವರ ಮುಖ ಮಾತ್ರ ನೋಡಲು ಹೋಗಬೇಡಿ.