ನೀರು ಹೊಯ್ದವರು, ತೊಳೆದವರು



ಧಮ್ಮಬಂಧುಗಳೇ, ಇಂದಿನ ಚಿಂತನೆಗೆ ವಿನಯ ಪಿಟಕದ ಮಹಾವಗ್ಗದಲ್ಲಿ ಬರುವ ಒಂದು ಪ್ರಸಂಗ. ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ, ಆದರೆ ಇದನ್ನು ಹೆಚ್ಚಾಗಿ ಅರ್ಧಕ್ಕೇ ನಿಲ್ಲಿಸಿ ಹೇಳುತ್ತಾರೆ.

ಒಬ್ಬ ಭಿಕ್ಖುವಿಗೆ ಭೇದಿ ಹತ್ತಿತ್ತು. ಎದ್ದೇಳಲಾರದೆ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಭಗವಾನ್ ಬುದ್ಧರು ಆನಂದರ ಜೊತೆ ಭಿಕ್ಖುಗಳ ವಸತಿಗಳನ್ನು ನೋಡುತ್ತ ಬಂದವರು ಅವನ ಹತ್ತಿರ ಹೋಗಿ, ಏನಾಗಿದೆ, ನೋಡಿಕೊಳ್ಳುವವರು ಇದ್ದಾರೆಯೇ ಎಂದು ವಿಚಾರಿಸಿದರು. ಯಾರೂ ಇರಲಿಲ್ಲ. ಯಾಕಿಲ್ಲ ಎಂದರೆ, ತಾನು ಯಾವ ಭಿಕ್ಖುವಿಗೂ ಏನೂ ಮಾಡಿಕೊಟ್ಟವನಲ್ಲ, ಅದಕ್ಕೇ ಅವರೂ ತನ್ನನ್ನು ನೋಡುತ್ತಿಲ್ಲ ಎಂದ. ಭಗವಾನರು ಆನಂದರಿಗೆ ನೀರು ತರಲು ಹೇಳಿದರು. ತಾವು ನೀರು ಹೊಯ್ದರು, ಆನಂದರು ತೊಳೆದರು. ಆಮೇಲೆ ಭಗವಾನರು ತಲೆಯ ಕಡೆ, ಆನಂದರು ಕಾಲಿನ ಕಡೆ ಹಿಡಿದು ಎತ್ತಿ ಮಂಚದ ಮೇಲೆ ಮಲಗಿಸಿದರು.

ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಸಂಘವನ್ನು ಸೇರಿಸಿ ಕೇಳಿದಾಗ ಉಳಿದ ಭಿಕ್ಖುಗಳೂ ಅದೇ ಕಾರಣ ಹೇಳಿದರು. ಭಗವಾನರು ಆ ಲೆಕ್ಕಾಚಾರವನ್ನು ಒಪ್ಪಲಿಲ್ಲ. ನಿಮ್ಮನ್ನು ನೋಡಿಕೊಳ್ಳಲು ಇಲ್ಲಿ ತಾಯಿಯೂ ಇಲ್ಲ, ತಂದೆಯೂ ಇಲ್ಲ. ನೀವೇ ಒಬ್ಬರನ್ನೊಬ್ಬರು ನೋಡಿಕೊಳ್ಳದಿದ್ದರೆ ಮತ್ತಾರು ನೋಡಬೇಕು ಎಂದು ಕೇಳಿದರು. ನನ್ನ ಆರೈಕೆ ಮಾಡಬಯಸುವವರು ರೋಗಿಯ ಆರೈಕೆ ಮಾಡಲಿ ಎಂದರು. ಅಷ್ಟೇ ಅಲ್ಲ, ಅದನ್ನು ನಿಯಮವನ್ನಾಗಿಯೂ ಮಾಡಿದರು. ರೋಗಿಗೆ ಗುರುವಿದ್ದರೆ ಗುರು ನೋಡಬೇಕು, ಶಿಷ್ಯನಿದ್ದರೆ ಶಿಷ್ಯ ನೋಡಬೇಕು, ಯಾರೂ ಇಲ್ಲದಿದ್ದರೆ ಇಡೀ ಸಂಘ ನೋಡಬೇಕು. ನೋಡದಿದ್ದರೆ ದೋಷ. ಕರುಣೆ ಬಂದವರು ಮಾಡಲಿ, ಬಾರದವರು ಬಿಡಲಿ ಎಂಬಂತಿಲ್ಲ.

ಈಗ ನಮಗೆ ಸಂಬಂಧಿಸಿದ ಕಷ್ಟದ ಮಾತಿಗೆ ಬರೋಣ. ಸೇವೆ ಎಂಬ ಪದ ಕೇಳಿದರೆ ನಮ್ಮ ಹಿರಿಯರ ಮುಖ ಬಿಗಿಯುತ್ತದೆ. ಅದು ಸಹಜ. ಶೂದ್ರನ ಧರ್ಮ ಸೇವೆ ಎಂದು ಶಾಸ್ತ್ರ ಬರೆದವರು, ಹೊಲಸು ತೆಗೆಯುವುದನ್ನು ಹುಟ್ಟಿಗೆ ಕಟ್ಟಿದವರು, ಬಿಟ್ಟಿ ಚಾಕರಿಗೆ ಸೇವೆಯೆಂದು ಚಂದದ ಹೆಸರಿಟ್ಟರು. 1970ರ ದಶಕದ ಆರಂಭದಲ್ಲಿ ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಆಮೇಲೂ 2010ರಲ್ಲಿ ಸವಣೂರಿನಲ್ಲಿ ಆ ಕೆಲಸದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತು. ಇಂಥ ಚರಿತ್ರೆಯಿರುವ ನಮಗೆ ಇನ್ನೊಬ್ಬರ ಹೊಲಸು ತೊಳೆಯಿರಿ ಎಂದು ಯಾರೂ ಸುಮ್ಮನೆ ಉಪದೇಶ ಮಾಡುವಂತಿಲ್ಲ.

ಹಾಗಾಗಿಯೇ ಆ ಕೋಣೆಯಲ್ಲಿ ತೊಳೆದವರು ಯಾರು ಎಂಬುದು ಮುಖ್ಯ. ಅವರಿಬ್ಬರೂ ಶಾಕ್ಯ ಕುಲದವರು. ಕೀಳು ಕೆಲಸ, ಅದಕ್ಕೊಬ್ಬ ಕೀಳು ಜನರನ್ನು ಕರೆಸಿ ಎನ್ನಲಿಲ್ಲ. ಹುಟ್ಟಿನ ಕಾರಣಕ್ಕೆ ಒಬ್ಬನಿಂದ ಮಾಡಿಸಿಕೊಂಡರೆ ಅದು ಚಾಕರಿ. ಸಮಾನರು ಸಮಾನರಿಗೆ ಮಾಡುವುದು ಆರೈಕೆ. ಕೆಲಸ ಒಂದೇ, ಸಂಬಂಧ ಬೇರೆ.

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದ ಪೀಠಿಕೆಯಲ್ಲೇ ಒಂದು ಪ್ರಶ್ನೆ ಎತ್ತಿದ್ದಾರೆ. ಬುದ್ಧರು ಭಿಕ್ಖುವನ್ನು ರೂಪಿಸಿದ್ದು ಪರಿಪೂರ್ಣ ಮನುಷ್ಯನಾಗಲೆಂದೋ, ಜನರ ಸೇವಕನಾಗಲೆಂದೋ? ಬರೀ ಪರಿಪೂರ್ಣನಾದರೆ ಅವನು ಎಷ್ಟೇ ಪರಿಪೂರ್ಣನಿದ್ದರೂ ಸ್ವಾರ್ಥಿಯೇ. ಸಮಾಜ ಸೇವಕನಾದರೆ ಮಾತ್ರ ಧಮ್ಮಕ್ಕೆ ಭರವಸೆ ಎಂಬುದು ಅವರ ಅಭಿಪ್ರಾಯ. ಭಿಕ್ಖುವಿಗೇ ಹೀಗಾದರೆ ಉಪಾಸಕರಾದ ನಾವು ಬೆಳಿಗ್ಗೆ ವಂದನೆ ಹೇಳಿ ಬಾಗಿಲು ಹಾಕಿಕೊಂಡರೆ ಸಾಲುತ್ತದೆಯೇ?

ಆರೈಕೆ ಮಾಡುವವನಿಗೆ ಐದು ಗುಣ ಬೇಕೆಂದು ಅದೇ ಅಧ್ಯಾಯ ಹೇಳುತ್ತದೆ. ಔಷಧ ಸಿದ್ಧಪಡಿಸಲು ಬರಬೇಕು. ಯಾವುದು ಹಿತ, ಯಾವುದು ಅಹಿತ ತಿಳಿದಿರಬೇಕು. ಲಾಭದಾಸೆಯಿಂದಲ್ಲ, ಮೈತ್ರಿಯಿಂದ ಮಾಡಬೇಕು. ಮಲ, ಮೂತ್ರ, ವಾಂತಿ ತೆಗೆಯಲು ಅಸಹ್ಯಪಡಬಾರದು. ಕೊನೆಯದಾಗಿ, ಆಗಾಗ ಧಮ್ಮದ ಮಾತಿನಿಂದ ಧೈರ್ಯ ತುಂಬಲು ಬರಬೇಕು. ಧಮ್ಮದ ಮಾತು ಐದನೆಯದು! ಆಳವಿಯಲ್ಲಿ ಕಳೆದುಹೋದ ಎತ್ತು ಹುಡುಕಿ ಹಸಿದು ಬಂದ ರೈತನಿಗೂ ಭಗವಾನರು ಮೊದಲು ಊಟ ಹಾಕಿಸಿದರು, ಉಪದೇಶ ಆಮೇಲೆ.

ಇವತ್ತು ಔಷಧ ನಾವು ಅರೆಯಬೇಕಿಲ್ಲ, ಆದರೆ ತಿಳಿವಳಿಕೆ ಬೇಕು. ಬಡವರಿಗೆ ಚಿಕಿತ್ಸೆಗಿಂತ ಚಿಕಿತ್ಸೆಯ ದಾರಿಯೇ ಕಷ್ಟ. ಆಯುಷ್ಮಾನ್ ಕಾರ್ಡಿದ್ದರೂ, ತುರ್ತು ಸಂದರ್ಭ ಬಿಟ್ಟರೆ ಹೆಚ್ಚಿನ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಇದು ಗೊತ್ತಿಲ್ಲದೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿ ಸಾಲ ಮಾಡಿಕೊಂಡವರು ಪ್ರತಿ ಕೇರಿಯಲ್ಲೂ ಇದ್ದಾರೆ. ಕ್ಷಯಕ್ಕೆ ಸಾಮಾನ್ಯವಾಗಿ ಆರು ತಿಂಗಳ ಮಾತ್ರೆ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತದೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಮಾತ್ರೆ ಬಿಡುವವರಿದ್ದಾರೆ. ವಾರಕ್ಕೊಮ್ಮೆ ಹೋಗಿ "ಅಕ್ಕಾ, ಮಾತ್ರೆ ಆಯ್ತಾ?" ಎಂದು ಕೇಳುವ ಒಬ್ಬರಿದ್ದರೆ ಒಂದು ಜೀವ ಉಳಿಯುತ್ತದೆ. ಏಪ್ರಿಲ್ 14ಕ್ಕೆ ಆಸ್ಪತ್ರೆಯಲ್ಲಿ ಹಣ್ಣು, ಬ್ರೆಡ್ ಹಂಚಿ ಫೋಟೋ ಹಾಕುತ್ತೇವೆ. ಹಂಚಲಿ, ತಪ್ಪೇನಿಲ್ಲ. ಓಪಿಡಿ ಚೀಟಿಗೆ ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವವರು ಉಳಿದ 364 ದಿನವೂ ಬೇಕು.

ರೋಗಿಯ ಬಗ್ಗೆಯೂ ಭಗವಾನರು ಹೇಳಿದ್ದಾರೆ: ಔಷಧ ತೆಗೆದುಕೊಳ್ಳದವನು, ಹಿತ ಬಯಸುವವರ ಮುಂದೆ ಕಾಯಿಲೆಯನ್ನು ಇದ್ದಂತೆ ಹೇಳದವನು, ಇಂಥವನ ಆರೈಕೆ ಕಷ್ಟ. ಮರ್ಯಾದೆಗೆ ಅಂಜಿ ಕಾಯಿಲೆ ಮುಚ್ಚಿಡುವುದು, ಯಾರ ಹಂಗೂ ಬೇಡವೆಂದು ಒಳಗೇ ನರಳುವುದು ನಮ್ಮಲ್ಲಿ ಬಹಳ. ಆದ್ದರಿಂದ ಕರೆಯಲಿ ಎಂದು ಕಾಯಬೇಡಿ.

ಇನ್ನೊಂದು ಮಾತು. "ಅವರು ನಮ್ಮ ಮನೆ ಸಾವಿಗೂ ಬರಲಿಲ್ಲ", "ಅವರಿನ್ನೂ ಮಾರಮ್ಮನ ಹಬ್ಬ ಬಿಟ್ಟಿಲ್ಲ", "ಅವರು ಎಡಗೈ, ನಾವು ಬಲಗೈ". ಆ ಭಿಕ್ಖುವಿನ ಬಾಗಿಲು ದಾಟಿ ಹೋದವರ ಬಳಿಯೂ ಇಂಥದ್ದೇ ಒಂದು ಕಾರಣವಿತ್ತು.

ಇಂದಿನ ಅಭ್ಯಾಸ: ನಿಮ್ಮ ಸಾಲಿನ ಮನೆಗಳನ್ನು ಮನಸ್ಸಿನಲ್ಲೇ ಎಣಿಸಿ. ಯಾವ ಮನೆಯವರು ಕೆಲವು ದಿನಗಳಿಂದ ಹೊರಗೆ ಕಂಡಿಲ್ಲ? ಸಂಜೆ ಹೋಗಿ ವಿಚಾರಿಸಿ. ಏನು ಬೇಕಿದೆ ಎಂದು ಭಾನುವಾರ ವಿಹಾರದಲ್ಲಿ, ಹೆಸರು ಹೇಳದೆ, ತಿಳಿಸಿದರೆ ಸಾಕು. ಯಾರು ಯಾವ ದಿನ ಹೋಗುವುದೆಂದು ಅಲ್ಲೇ ಹಂಚಿಕೊಳ್ಳೋಣ.

ಭವತು ಸಬ್ಬ ಮಂಗಲಂ.