ಕೊಲೆಗಾರನಿಗಾಗಿ ಮರುಗಬಹುದೆ?

ಪ್ರಶ್ನೆ: ಇತ್ತೀಚೆಗೆ ‘ಮ್ಯಾಕ್‌ಬೆತ್’ ನಾಟಕ ಓದಿದೆ. ಮನೆಗೆ ಬಂದ ರಾಜನನ್ನು ಕೊಂದು, ಜೊತೆಗಾರನನ್ನೂ ಹೆಂಗಸು ಮಕ್ಕಳನ್ನೂ ಕೊಲ್ಲಿಸಿದವನು ಸತ್ತಾಗ ಸಂತೋಷವಾಗಬೇಕಿತ್ತು. ನನಗೆ ಸಂಕಟವಾಯಿತು. ಇಂಥ ದುಷ್ಟನನ್ನು ದುರಂತ ನಾಯಕನೆಂದು ಹೇಗೆ ಕರೆಯುತ್ತಾರೆ? ಅವನಿಗಾಗಿ ಮರುಗುವುದು ತಪ್ಪಲ್ಲವೆ?

ಉತ್ತರ: ನಿಮ್ಮ ಸಂಕಟ ತಪ್ಪಲ್ಲ, ಆ ನಾಟಕವನ್ನು ಸರಿಯಾಗಿ ಓದಿದವರಿಗೆ ಆಗಲೇಬೇಕಾದ ಸಂಕಟ ಅದು. ನಿಮ್ಮ ಅನುಮಾನವೂ ಹಳೆಯದು. ಕಡುಪಾಪಿಯೊಬ್ಬ ಏಳಿಗೆಯಿಂದ ಕೇಡಿಗೆ ಉರುಳಿದರೆ ನಮ್ಮ ನ್ಯಾಯಬುದ್ಧಿಗೆ ಸಮಾಧಾನವಾದೀತೇ ಹೊರತು ಕರುಣೆಯಾಗಲಿ ಭಯವಾಗಲಿ ಹುಟ್ಟುವುದಿಲ್ಲ ಎಂದು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯಲ್ಲಿ ವಾದಿಸಿದ್ದ. ದುರಂತ ನಾಯಕ ತೀರ ಸಜ್ಜನನೂ ಆಗಬಾರದು, ತೀರ ದುರ್ಜನನೂ ಆಗಬಾರದು. ಅವನ ಕೇಡಿಗೆ ನೀಚತನವಲ್ಲ, ಯಾವುದೋ ಒಂದು ದೊಡ್ಡ ತಪ್ಪು ಕಾರಣವಾಗಿರಬೇಕು. ಈಡಿಪಸ್ ಅಂಥವನು. ಎದುರಿಗಿರುವವನು ತಂದೆಯೆಂದು ತಿಳಿಯದೆ ಅವನನ್ನು ಕೊಂದ. ಮ್ಯಾಕ್‌ಬೆತ್ ಎಲ್ಲವನ್ನೂ ತಿಳಿದೇ ಕೊಂದ. ಅರಿಸ್ಟಾಟಲನ ಅಳತೆಗೆ ಅವನು ಒಗ್ಗುವುದಿಲ್ಲ. ಆದರೂ ಅವನು ನಮ್ಮನ್ನು ಕಲಕುತ್ತಾನೆ. ಏಕೆ?

ಷೇಕ್ಸ್‌ಪಿಯರ್ ಮೂಲಕಥೆಯನ್ನು ಹೇಗೆ ಮಾರ್ಪಡಿಸಿದ ಎಂಬುದರಲ್ಲಿ ಉತ್ತರದ ಸುಳಿವಿದೆ. ಚರಿತ್ರೆಯ ಮ್ಯಾಕ್‌ಬೆತ್ ಸ್ಕಾಟ್ಲೆಂಡನ್ನು 1040ರಿಂದ 1057ರವರೆಗೆ ಆಳಿದವನು. 1606ರ ಸುಮಾರಿಗೆ ನಾಟಕ ಬರೆದ ಷೇಕ್ಸ್‌ಪಿಯರನ ಕೈಯಲ್ಲಿದ್ದದ್ದು ಹಾಲಿನ್‌ಷೆಡ್‌ನ ಇತಿಹಾಸಗ್ರಂಥ. ಅದರಲ್ಲಿ ಡಂಕನ್ ಆಳಲು ಬಾರದ ಮೆತ್ತನೆಯ ರಾಜ. ಸಿಂಹಾಸನದ ಮೇಲೆ ಮ್ಯಾಕ್‌ಬೆತ್‌ಗೂ ಒಂದು ಹಕ್ಕಿದೆ. ಜೊತೆಗಾರ ಬ್ಯಾಂಕೋ ರಾಜನ ಕೊಲೆಯಲ್ಲಿ ಪಾಲುಗಾರ. ಪಟ್ಟಕ್ಕೆ ಬಂದ ಮ್ಯಾಕ್‌ಬೆತ್ ಹತ್ತು ವರ್ಷ ಒಳ್ಳೆಯ ಕಾನೂನುಗಳನ್ನು ಮಾಡಿ ರಾಜ್ಯವಾಳುತ್ತಾನೆ. ನಾಯಕನ ಮೇಲೆ ಮರುಕ ಹುಟ್ಟಿಸಬೇಕೆನ್ನುವ ಯಾವ ನಾಟಕಕಾರನಾದರೂ ಇವುಗಳನ್ನು ಎರಡೂ ಕೈಯಿಂದ ಬಾಚಿಕೊಳ್ಳುತ್ತಿದ್ದ. ಷೇಕ್ಸ್‌ಪಿಯರ್ ಎಲ್ಲವನ್ನೂ ಕಿತ್ತುಹಾಕಿದ. ಅವನ ಡಂಕನ್ ಮುದುಕ, ಸಾಧು, ಅತಿಥಿ. ಬ್ಯಾಂಕೋ ನಿರಪರಾಧಿ. ಒಳ್ಳೆಯ ಆಳ್ವಿಕೆಯ ಹತ್ತು ವರ್ಷಗಳು ಮಾಯ. ಸಾಲದೆಂಬಂತೆ, ಅದೇ ಗ್ರಂಥದಲ್ಲಿ ಡಫ್ ಎಂಬ ಇನ್ನೊಬ್ಬ ರಾಜನ ಕಥೆಯಿತ್ತು. ಹೆಂಡತಿಯ ಪ್ರಚೋದನೆಯಿಂದ ಮನೆಯ ಯಜಮಾನನೇ ಮಲಗಿದ್ದ ರಾಜನನ್ನು ಕೊಲ್ಲಿಸಿದ ಆ ಪ್ರಸಂಗವನ್ನೂ ತಂದು ಮ್ಯಾಕ್‌ಬೆತ್‌ನ ತಲೆಗೆ ಕಟ್ಟಿದ.

ಹೀಗೆ ನೆಪಗಳೆಲ್ಲ ಹೋದ ಮೇಲೆ ಉಳಿದದ್ದು ಅರಿವು. ಕೊಲೆಗೆ ಮುಂಚೆ ಮ್ಯಾಕ್‌ಬೆತ್ ಒಬ್ಬನೇ ನಿಂತು ಲೆಕ್ಕ ಹಾಕುತ್ತಾನೆ: ತಾನು ಡಂಕನ್ನನ ನೆಂಟ, ಅವನ ಪ್ರಜೆ, ಈ ಹೊತ್ತು ಅವನಿಗೆ ಅನ್ನವಿಕ್ಕಿದ ಮನೆಯವನು, ಕೊಲೆಗಾರನಿಗೆ ಬಾಗಿಲು ಹಾಕಬೇಕಾದವನು ತಾನೇ ಕತ್ತಿ ಹಿಡಿಯಬಹುದೆ? ಡಂಕನ್ನನ ಒಳ್ಳೆಯತನವನ್ನು ನಾಟಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಣ್ಣಿಸುವವನು ಅವನನ್ನು ಕೊಲ್ಲಲಿರುವವನೇ. ತನ್ನನ್ನು ಮುಂದಕ್ಕೆ ತಳ್ಳುತ್ತಿರುವುದು ಬರೀ ಮಹತ್ವಾಕಾಂಕ್ಷೆ ಎಂದೂ ಒಪ್ಪಿಕೊಳ್ಳುತ್ತಾನೆ. ಮಾಟಗಾತಿಯರ ಮೇಲೆ ತಪ್ಪು ಹೊರಿಸಲೂ ಬರುವುದಿಲ್ಲ. ಅವರು ರಾಜನಾಗುವೆ ಎಂದರೇ ಹೊರತು ಕೊಲ್ಲು ಎನ್ನಲಿಲ್ಲ. ಅವರ ಭವಿಷ್ಯವಾಣಿಯನ್ನು ಬ್ಯಾಂಕೋ ಕೂಡ ಕೇಳಿದ್ದ. ಅವನು ಕತ್ತಿ ಎತ್ತಲಿಲ್ಲ.

ಈ ಅರಿವು ಕೊನೆಯವರೆಗೂ ಅವನನ್ನು ಬಿಡುವುದಿಲ್ಲ. ಕೊಲೆ ಮಾಡಿದ ರಾತ್ರಿ ‘ಆಮೆನ್’ ಎನ್ನಲು ಹೋದರೆ ಅವನ ಗಂಟಲು ಕಟ್ಟುತ್ತದೆ. ಅಂತ್ಯ ಹತ್ತಿರವಾದಾಗ, ಮುಪ್ಪಿನಲ್ಲಿ ಮನುಷ್ಯನಿಗೆ ಸಿಗಬೇಕಾದ ಮರ್ಯಾದೆ, ಪ್ರೀತಿ, ಗೆಳೆಯರ ಬಳಗ ಯಾವುದೂ ತನಗಿಲ್ಲ, ಇರುವುದು ಬಾಯಿಬಿಟ್ಟು ಹೇಳದ ಶಾಪಗಳು ಮಾತ್ರ ಎಂದು ತಾನೇ ಎಣಿಸಿ ಹೇಳುತ್ತಾನೆ. ಇವನಿಂದ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಮ್ಯಾಕ್‌ಡಫ್ ಎದುರಾದಾಗ, ನಿನ್ನವರ ರಕ್ತ ನನ್ನ ಆತ್ಮದ ಮೇಲೆ ಈಗಾಗಲೇ ಬೇಕಾದಷ್ಟಿದೆ, ದೂರ ಹೋಗು ಎನ್ನುತ್ತಾನೆ. ‘ಒಥೆಲೊ’ ನಾಟಕದ ಇಯಾಗೊ ಜೊತೆ ಇವನನ್ನು ಇಟ್ಟು ನೋಡಿ. ಇಯಾಗೊ ಬೇರೆಯವರ ಬಾಳನ್ನು ಹಾಳು ಮಾಡುತ್ತಾನೆ, ಆದರೆ ಅವನೊಳಗೆ ಏನೂ ಹಾಳಾದಂತೆ ಕಾಣುವುದಿಲ್ಲ. ಅದಕ್ಕೇ ಅವನು ಖಳನಾಯಕನಾಗಿಯೇ ಉಳಿಯುತ್ತಾನೆ. ತಾನು ಕೆಡಿಸುತ್ತಿರುವುದರ ಬೆಲೆ ತಿಳಿದೂ ಕೆಡಿಸುವವನು, ಆ ತಿಳಿವಿನಿಂದಲೇ ಬೇಯುವವನು ದುರಂತ ನಾಯಕನಾಗುತ್ತಾನೆ.

ಕನ್ನಡ ಓದುಗರಿಗೆ ಇದು ಪರಕೀಯ ವಿಚಾರವೇನಲ್ಲ. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣ, ಒಪ್ಪದ ಪರಸ್ತ್ರೀಯನ್ನು ಮುಟ್ಟುವುದಿಲ್ಲವೆಂದು ವ್ರತ ಹಿಡಿದವನು. ತಾನಾಗಿ ಒಲಿದು ಬಂದ ಉಪರಂಭೆಗೂ ಬುದ್ಧಿ ಹೇಳಿ ಕಳುಹಿಸಿದವನು. ಅಂಥವನು ಸೀತೆಯನ್ನು ಕಂಡು ಜಾರುತ್ತಾನೆ. ರಾಮನಿಗೆ ಕೇಡಾದೀತೆಂದು ಸೀತೆ ಮೂರ್ಛೆ ಹೋದದ್ದನ್ನು ಕಂಡಾಗ ಅವನ ಮನಸ್ಸು ತಿಳಿಯಾಗುತ್ತದೆ. ಇಂಥ ಜೋಡಿಯನ್ನು ಅಗಲಿಸಿದೆನಲ್ಲಾ ಎಂದು ಪಶ್ಚಾತ್ತಾಪಪಡುತ್ತಾನೆ. ಆದರೆ ಈಗಲೇ ಒಪ್ಪಿಸಿದರೆ ಹೆದರಿದನೆಂದು ಲೋಕ ಆಡಿಕೊಂಡೀತು, ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದ ಮೇಲೆಯೇ ಒಪ್ಪಿಸುವೆ ಎಂದು ಹೊರಡುತ್ತಾನೆ, ಮಡಿಯುತ್ತಾನೆ. ಈ ರಾವಣನಲ್ಲಿರುವ ದುರಂತದ ಘನತೆಯನ್ನು ಎತ್ತಿ ತೋರಿಸಿದವರು ಬಿ.ಎಂ.ಶ್ರೀ. ರನ್ನನ ‘ಗದಾಯುದ್ಧ’ವನ್ನು ಅವರು ನಾಟಕವಾಗಿಸಿದ್ದರ ಹಿಂದೆಯೂ ಇದೇ ದೃಷ್ಟಿಯಿತ್ತು. ಹೆಣಗಳ ನಡುವೆ ನಡೆಯುವ ರನ್ನನ ದುರ್ಯೋಧನ, ಶತ್ರುವಿನ ಮಗ ಅಭಿಮನ್ಯುವಿನ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿಯಬಲ್ಲವನು. ಆದರೆ ಭೀಷ್ಮನೇ ಸಂಧಿ ಮಾಡಿಕೋ ಎಂದರೂ ಒಪ್ಪದವನು. ಒಳ್ಳೆಯದನ್ನು ಗುರುತಿಸುವ ಕಣ್ಣು ಇವರಿಬ್ಬರಿಗೂ ಇದೆ. ಅದರ ಹಿಂದೆ ಹೋಗಲು ಛಲ ಬಿಡುವುದಿಲ್ಲ.

ಇನ್ನು, ಮರುಗುವುದು ತಪ್ಪೆ ಎಂಬ ಮಾತು. ಮರುಕ ಬೇರೆ, ಮನ್ನಿಸುವುದು ಬೇರೆ. ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಕೊಲೆಯನ್ನು ದೂತನೊಬ್ಬನ ಬಾಯಿಂದ ಹೇಳಿಸಿ ಮುಗಿಸಬಹುದಿತ್ತು. ಷೇಕ್ಸ್‌ಪಿಯರ್ ಹಾಗೆ ಮಾಡದೆ, ತಾಯಿಯೊಂದಿಗೆ ಚುರುಕಾಗಿ ಮಾತಾಡುತ್ತಿದ್ದ ಹುಡುಗನನ್ನು ರಂಗದ ಮೇಲೆಯೇ ಕೊಲ್ಲಿಸಿದ. ನಾಯಕನ ಅಳಲನ್ನು ಕೇಳುತ್ತಾ ಆ ಮಗುವನ್ನು ನಾವು ಮರೆಯಬಾರದೆಂಬುದು ಅವನ ಹಟ. ಮಗುವನ್ನೂ ಮರೆಯದೆ, ಕೊಂದವನ ಒಳಗಿನ ನಾಶವನ್ನೂ ನೋಡಬಲ್ಲ ಓದುಗನನ್ನು ಈ ನಾಟಕ ಬೇಡುತ್ತದೆ. ನೀವು ಅಂಥ ಓದುಗರೆಂಬುದಕ್ಕೆ ನಿಮ್ಮ ಪ್ರಶ್ನೆಯೇ ಸಾಕ್ಷಿ.

ನಿಮ್ಮ ಸಂಕಟದಲ್ಲಿ ಮರುಕದ ಜೊತೆಗೆ ಸ್ವಲ್ಪ ಭಯವೂ ಬೆರೆತಿರಬೇಕು. ಒಳ್ಳೆಯದು ಯಾವುದೆಂದು ತಿಳಿದಿದ್ದರೆ ಸಾಕು, ಕೇಡಿನಿಂದ ಪಾರಾಗಬಹುದು ಎಂದು ನಾವೆಲ್ಲ ನಂಬಿರುತ್ತೇವೆ. ಮ್ಯಾಕ್‌ಬೆತ್‌ಗೆ ತಿಳಿದಿತ್ತು, ರಾವಣನಿಗೂ ತಿಳಿದಿತ್ತು. ತಿಳಿವಳಿಕೆ ಅವರನ್ನು ಉಳಿಸಲಿಲ್ಲ. ನಮಗೆ ಇರುವುದೂ ಅದೇ ತಿಳಿವಳಿಕೆ.